ವೀಲಿಂಗ ತಡೆಹಿಡಿದ ಕೈ

ನಮ್ಮ ಚರ್ಚಿನಲ್ಲಿ ಬೈಬಲಿನ ಪ್ರಸಂಗ ಮುಗಿಸಿ ಪೀಠದಿಂದ ಇಳಿದವರಿಗೆ ಮೆಟ್ಟಿಲ ಬುಡದಲ್ಲಿ ನಿಂತ ಸಭಾಹಿರಿಯ ಕುಲುಕಲು ಕೈ ಕೊಡಬೇಕು. ಕೈ ಕೊಟ್ಟರೆ ಆ ಮಾತುಗಳನ್ನು ಸಭೆ ತನ್ನದೆಂದು ಒಪ್ಪಿಕೊಂಡಿತು ಎಂದರ್ಥ. ಕೊಡದಿದ್ದರೆ ಒಪ್ಪಲಿಲ್ಲ. ಮೂವತ್ತೊಂದು ವರ್ಷ ಅಲ್ಲಿ ಗಂಟೆ ಬಾರಿಸಿ, ಒಲೆ ಹೊತ್ತಿಸಿ, ಕಸ ಗುಡಿಸಿದವನು ನಾನು. ಕೈ ಕೊಡದೆ ನಿಂತದ್ದನ್ನು ಕಂಡದ್ದು ಒಂದೇ ಸಲ.

ಪ್ರೊಫೆಸರ್ ಫೆನ್ನೆಮಾ ನಮ್ಮೂರಿನ ದೈವಜ್ಞಾನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಹಳೆಯ ಒಡಂಬಡಿಕೆ ಕಲಿಸಿದವರು. ದೋಣಿ ಕಟ್ಟುವವನ ಮಗ. ಹನ್ನೊಂದನೇ ವಯಸ್ಸಿಗೇ ಹೀಬ್ರೂ ಅಕ್ಷರಗಳನ್ನು ತಾವಾಗಿಯೇ ಕಲಿತರಂತೆ. ಮೂವತ್ತೊಂದಕ್ಕೆ ಅಧ್ಯಾಪಕರ ಕುರ್ಚಿ, ಆಮೇಲೆ ಒಂದರ ಮೇಲೊಂದು ಮೂರು ದಪ್ಪ ಪುಸ್ತಕ. ಅವರಷ್ಟು ಓದಿದವರು ಆ ಕಡಲತೀರದಲ್ಲಿ ಯಾರೂ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ವಾದದಲ್ಲಿ ಗೆದ್ದರೆ ಅವರಿಗೆ ಸಾಲದು. ಸೋತೆ ಎಂದು ಎದುರಿನವನ ಬಾಯಿಂದ ಹೇಳಿಸಬೇಕು. ಮೌಖಿಕ ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ನನ್ನ ಸೌದೆಕೊಟ್ಟಿಗೆಗೆ ಬಂದು ಅತ್ತು, ಮುಖ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಇಂಥವರು ಒಂದು ವಾರ ಸಭೆಯ ಪತ್ರಿಕೆಯಲ್ಲಿ ಬರೆದರು: ದೇವರು ನಿನೆವೆ ಪಟ್ಟಣಕ್ಕೆ ಕಳಿಸಿದ ಪ್ರವಾದಿ ಯೋನನನ್ನು ನುಂಗಿದ ಮೀನು ರಕ್ತಮಾಂಸದ ಮೀನೇ ಆಗಿರಬೇಕಾಗಿಲ್ಲ, ಅದೊಂದು ನೀತಿ ಹೇಳುವ ಸಾಮತಿಯಂಥ ಕಥೆ ಇರಬಹುದು. ಮೀನುಗಾರರ ಊರಲ್ಲಿ ಈ ಮಾತು. ದಕ್ಕೆಯಲ್ಲಿ ಹಾವುಮೀನು ಕೊಳ್ಳುವ ಹೆಂಗಸರು, ಇದು ನಿಜವಾದದ್ದೋ ಪ್ರೊಫೆಸರರದ್ದೋ ಎಂದು ಕೇಳತೊಡಗಿದರು. ನಗದೆ ಇದ್ದವನು ಗೋಸ್ಸೆ ವೀಲಿಂಗ ಒಬ್ಬನೇ. ಹಾವುಮೀನಿಗೆ ಹೊಗೆ ಕೊಟ್ಟು ಮಾರುವವನು, ನನ್ನ ಓರಗೆಯವನು, ಐವರು ಸಭಾಹಿರಿಯರಲ್ಲಿ ಒಬ್ಬ. ಅವನ ಮಗನನ್ನು ಕಡಲು ನುಂಗಿ ಆರು ವರ್ಷವಾಗಿತ್ತು. ಕಡಲ ಹೊಟ್ಟೆಯಿಂದ ಮನುಷ್ಯನೊಬ್ಬ ಜೀವಂತ ಬಂದದ್ದು ಬರೀ ಕಥೆ ಎಂದರೆ ಅವನು ಹೇಗೆ ಸಹಿಸಿಯಾನು?

ಪ್ರೊಫೆಸರರ ಮೇಲೆ ದೂರುಪತ್ರ ಬರೆಸಿದವನು ಅವನೇ. ಅದು ಮೇಲಿನ ಸಭೆಗೆ ಹೋದರೆ ಕುರ್ಚಿ ಉಳಿಯುವುದಿಲ್ಲ. ಹಿರಿಯರಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಐದನೆಯವನು ಶಾಲಾಮಾಸ್ತರ ರೀಂಟ್, ಪ್ರೊಫೆಸರರ ಹಳೆಯ ಶಿಷ್ಯ. ಅವನೇ ದಾರಿ ಹುಡುಕಿದ. ಮುಂದಿನ ಭಾನುವಾರ ಪ್ರೊಫೆಸರರು ಯೋನನ ಮೇಲೆಯೇ ಪ್ರಸಂಗ ಮಾಡಲಿ, ವೀಲಿಂಗ ಮೆಟ್ಟಿಲ ಬುಡದಲ್ಲಿ ನಿಲ್ಲಲಿ. ಕೈ ಕೊಟ್ಟರೆ ಪತ್ರ ಹರಿಯುವುದು, ಕೊಡದಿದ್ದರೆ ಸಹಿ ಹಾಕಿ ಕಳಿಸುವುದು. ಎಲ್ಲರೂ ಒಪ್ಪಿದರು.

ಬುಧವಾರ ಪ್ರೊಫೆಸರರು ನಮ್ಮ ಮನೆಗೇ ಬಂದರು. ತೀರಿಹೋದ ಪಾದ್ರಿ ಓಟರ್ಲೋ ಅಯ್ಯನವರ ಪ್ರಸಂಗದ ಪುಸ್ತಕಗಳು ಬೇಕು ಎಂದರು. ಊರಿಗೆ ಪಾದ್ರಿ ಇಲ್ಲದಾಗ ಹಿರಿಯರೊಬ್ಬರು ಪೀಠ ಹತ್ತಿ ಹಳೆಯ ಪ್ರಸಂಗವೊಂದನ್ನು ಓದುವುದು ನಮ್ಮಲ್ಲಿ ರೂಢಿ. ಓದಿದ್ದನ್ನೇ ಮತ್ತೆ ಓದಬಾರದೆಂದು ದಿನಾಂಕ, ಓದಿದವರ ಹೆಸರು ಎರಡನ್ನೂ ನಾನು ರಟ್ಟಿನ ಮೇಲೆ ಬರೆದಿಡುತ್ತಿದ್ದೆ. ಪಕ್ಕದ ಚರ್ಚಿಗೆ ಕರೆದೊಯ್ದು ಬೀರು ತೆಗೆದುಕೊಟ್ಟೆ. ಅವರು ಹೆಸರುಗಳನ್ನೇ ನೋಡುತ್ತ ಹೋಗಿ ಒಂದನ್ನು ಆರಿಸಿಕೊಂಡರು. ಕೊಟ್ಟ ಕಾಫಿ ಹಾಗೇ ಉಳಿಯಿತು.

ಅವರು ಹೋದ ಮೇಲೆ ನನ್ನ ಹೆಂಡತಿ ಹಿಲ್ಯೆ, "ಆ ಮನುಷ್ಯ ನಗ್ತಾ ಹೋದ ಕಣ್ರೀ. ಅವನು ಸಿಡುಕಿದ್ರೆ ನಂಗೇನೂ ಅನ್ಸಲ್ಲ, ನಕ್ರೆ ಭಯ ಆಗುತ್ತೆ" ಎಂದಳು.

ಭಾನುವಾರ ಕೂರಲು ಜಾಗವಿರಲಿಲ್ಲ. ನಮ್ಮವರು ಪ್ರಸಂಗದ ಒಂದೊಂದು ಭಾಗಕ್ಕೆ ಒಂದೊಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಳ್ಳುತ್ತಾರೆ. ಎರಡನೆಯದು ಕರಗುವ ಹೊತ್ತಿಗೆ ನನಗೆ ಗುರುತು ಸಿಕ್ಕಿತು. ಇದು ಓಟರ್ಲೋ ಅಯ್ಯನವರ ಪ್ರಸಂಗ, ಅಕ್ಷರಕ್ಕಕ್ಷರ ಅದೇ, ಪ್ರೊಫೆಸರರು ಬಾಯಿಪಾಠ ಒಪ್ಪಿಸುತ್ತಿದ್ದರು. ಎರಡು ವರ್ಷದ ಹಿಂದೆ, ಕಾಲುವೆಗಳೆಲ್ಲ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ, ಬಂದ ನಲವತ್ತು ಜನರ ಮುಂದೆ ಇದನ್ನೇ ಓದಿದವನು ವೀಲಿಂಗ. ಅವನ ಮುಖ ನೋಡಿದೆ. ಗುರುತು ಹಿಡಿದಿರಲಿಲ್ಲ. ಅವನು ಕಿವಿಗೊಟ್ಟಿದ್ದು ಪ್ರಸಂಗಕ್ಕಲ್ಲ, ಅದರೊಳಗಿನ ವಿಷಕ್ಕೆ. "ಮೀನಿನ ಉದ್ದಗಲ ಅಳೆಯುತ್ತ ದಡದಲ್ಲಿ ಕೂತವನು ನಿನೆವೆಯನ್ನು ಎಂದೂ ಮುಟ್ಟಲಾರ" ಎಂಬಲ್ಲಿ ಅವನ ಕತ್ತು ಕೆಂಪಾಯಿತು.

ಪ್ರೊಫೆಸರರು ಇಳಿದು ಬಂದರು. ವೀಲಿಂಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಹಿರಿಯರ ಕೋಣೆಯಲ್ಲಿ ಪತ್ರ ಮೇಜಿನ ಮೇಲಿತ್ತು, ಪೆನ್ನು ರೀಂಟನ ಕೈಯಲ್ಲಿ. ನಾನು ಕಾಫಿಯ ಜಗ್ಗು ಹಿಡಿದು ಗೋಡೆಗೆ ಒತ್ತಿ ನಿಂತಿದ್ದೆ. ಯಾವ ಮಾತು ತಪ್ಪೆಂದು ಪ್ರೊಫೆಸರರು ಕೇಳಿದರು. ಮೀನು ಅಳೆಯುವ ಮಾತು, ಉಳಿದದ್ದೂ ಸಕ್ಕರೆ ಬೆರೆಸಿದ ವಿಷವೇ ಎಂದ ವೀಲಿಂಗ.

ಪ್ರೊಫೆಸರರು ಕೋಟಿನೊಳಗಿಂದ ಪುಸ್ತಕ ತೆಗೆದು ಅವನ ಮುಂದಿಟ್ಟರು. "ರಟ್ಟಿನ ಮೇಲೆ ಏನಿದೆ ಓದಿ. ಗಟ್ಟಿಯಾಗಿ."

"ಓಟರ್ಲೋ ಅಯ್ಯನವರು. ಯೋನನ ಮೇಲೆ. ಜನವರಿ ಹದಿನಾಲ್ಕು. ಓದಿದವರು..." ವೀಲಿಂಗ ಅಲ್ಲಿಗೇ ನಿಂತ.

"ನಿಮ್ಮ ಹೆಸರು ಓದೋಕೂ ಬರಲ್ವಾ?"

"ಗೋಸ್ಸೆ ವೀಲಿಂಗ."

ಹಿರಿಯರಲ್ಲೊಬ್ಬ ಕೆಮ್ಮಿ ನಗು ನುಂಗಿದ. ರೀಂಟ್ ಪೆನ್ನು ಕೆಳಗಿಟ್ಟು, ಆಯ್ತು ಸರ್, ಇಷ್ಟಕ್ಕೆ ಸಾಕು ಎಂದ. ಪತ್ರ ಹರಿಯಲು ಕೈ ಚಾಚಿಯೂ ಇದ್ದ. ಪ್ರೊಫೆಸರರಿಗೆ ಸಾಲಲಿಲ್ಲ.

"ಬಾಯಿಬಿಟ್ಟು ಹೇಳಲಿ. 'ಹೊಗೆ ಕುಡಿದು ಕುಡಿದು ನಂಗೆ ಸತ್ತ ಅಯ್ಯನವರ ಮಾತಿಗೂ ಫೆನ್ನೆಮಾನ ಮಾತಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ' ಅಂತ ಹೇಳಲಿ."

"ಗೊತ್ತಾಗ್ಲಿಲ್ಲ" ಎಂದ ವೀಲಿಂಗ. ಮೇಜು ಸುತ್ತಿ ಬಂದು ಕೈ ಚಾಚಿದ. "ಪ್ರಸಂಗ ಶುದ್ಧವಾಗಿತ್ತು. ತಪ್ಪು ನಂದು. ತಗೊಳ್ಳಿ."

ಪ್ರೊಫೆಸರರು ಕುಲುಕಿದರು. ಎಲ್ಲ ಮುಗಿಯಿತೆಂದು ನಾನು ಲೋಟಗಳಿಗೆ ಕಾಫಿ ಬಗ್ಗಿಸತೊಡಗಿದೆ. ವೀಲಿಂಗ ಮರಳಿ ತನ್ನ ಜಾಗದಲ್ಲಿ ಕೂತು, ಪೆನ್ನು ತಗೊಳ್ಳಪ್ಪ ಎಂದು ರೀಂಟನಿಗೆ ಹೇಳಿದ.

"ಮೀನಿನ ವಿಷಯ ಹೊಡೆದುಹಾಕು. ಬೇರೆ ಬರಿ. ಆರುನೂರು ಜನ ದೇವರ ವಾಕ್ಯ ಅಂತ ತಲೆ ಬಗ್ಗಿಸಿ ಕೂತಿದ್ರು. ಇವರು ಅಲ್ಲಿ ನಿಂತು ಒಂದೂಕಾಲು ಗಂಟೆ ನಂಗೆ ಬೋನು ಇಟ್ಕೊಂಡು ಕಾಯ್ತಿದ್ರು. ಅದೇ ಜಾಗದಲ್ಲಿ ನಿಲ್ಲಬೇಕಾದ ಹುಡುಗರಿಗೆ ಇವರ ಪಾಠ ಬೇಡ." ಆಮೇಲೆ ಪ್ರೊಫೆಸರರತ್ತ ತಿರುಗಿದ. "ಪುಸ್ತಕ ಯಾರು ಕೊಟ್ರು?"

ನಾನು ಬಗ್ಗಿಸುವುದನ್ನು ನಿಲ್ಲಿಸಿದೆ. ಸಭೆ ಕೊಟ್ಟ ಮನೆಯಲ್ಲಿದ್ದವನು ನಾನು, ನನ್ನ ಹೆಸರು ಬಂದರೆ ಅದೂ ಹೋಗುತ್ತಿತ್ತು. ಪ್ರೊಫೆಸರರು ನನ್ನತ್ತ ನೋಡಲೂ ಇಲ್ಲ.

"ನಾನೇ ತಗೊಂಡೆ. ಬೀರು ತೆರೆದಿತ್ತು."

"ಕೇಳದೆ ತಗೊಂಡ್ರು ಅಂತಾನೂ ಸೇರಿಸು" ಎಂದ ವೀಲಿಂಗ. ನಾನು ಮತ್ತೆ ಕಾಫಿ ಬಗ್ಗಿಸತೊಡಗಿದೆ.

ರೀಂಟ್ ತನ್ನ ಗುರುವಿನತ್ತ ತಿರುಗಿದ. ಸರ್, ತಪ್ಪಾಯ್ತು ಅಂತ ನೀವೊಂದು ಮಾತು ಹೇಳಿದ್ರೆ ನಾನು ಬರೆಯಲ್ಲ ಎಂದ. ಅವನ ದನಿಯಲ್ಲಿ ಮೊರೆಯೇ ಇತ್ತು.

"ವಾಕ್ಯ ನೆಟ್ಟಗೆ ಬರಿ, ರೀಂಟ್" ಎಂದರು ಪ್ರೊಫೆಸರರು. "ನಿನ್ನ ಬರವಣಿಗೆ ಯಾವತ್ತೂ ಅಷ್ಟಕ್ಕಷ್ಟೇ."

ರೀಂಟ್ ಬರೆದ. ಮೊದಲ ಸಹಿಯನ್ನೂ ಅವನೇ ಹಾಕಿದ. ಉಳಿದ ನಾಲ್ವರೂ ಹಾಕಿದರು.

ಮೇ ತಿಂಗಳಲ್ಲಿ ಮೇಲಿನ ಸಭೆಯ ಮುಂದೆ ಪ್ರೊಫೆಸರರು ನಾಲ್ಕು ಗಂಟೆ ವಾದಿಸಿದರಂತೆ, ಪ್ರತಿ ಮಾತಿನಲ್ಲೂ ಗೆದ್ದರಂತೆ. ಆಮೇಲೆ ಮತ ಹಾಕಿದರು, ಕುರ್ಚಿ ಹೋಯಿತು. ಬೀರು ತೆಗೆದುಕೊಟ್ಟವನು ನಾನೆಂದು ಅವರು ಅಲ್ಲಿಯೂ ಹೇಳಲಿಲ್ಲ.