ಕೂಗಿಗೊಂದು ಲೆಕ್ಕ

ಮ್ಯಾನೇಜರರ ಕೋಣೆಯ ಮುಂದೆ ಕೂತಲ್ಲಿ ಕೂರಲಾರದೆ ತಿರುಗುತ್ತಿದ್ದೆ. ನಮ್ಮದು ಬಡ ಫುಟ್‌ಬಾಲ್ ಕ್ಲಬ್ಬು. ಪಳಗಿದ ಇಬ್ಬರು ಗೋಲ್‌ಕೀಪರ್‌ಗಳನ್ನು ಸಾಕುವ ತಾಕತ್ತಿಲ್ಲ. ನಾನು ಉಳಿಯಬೇಕು, ಇಲ್ಲವೇ ಕಡಿಮೆ ಸಂಬಳಕ್ಕೆ ಒಪ್ಪಿದ ಹೊರಗಿನ ಹುಡುಗ ಬರಬೇಕು. ಇನ್ನೊಂದೇ ಒಂದು ವರ್ಷ ಆ ಕಂಬಗಳ ನಡುವೆ ನಿಲ್ಲುವ ಆಸೆ ನನಗೆ. ಅಂಕಿಅಂಶ ನೋಡಿ ಹೇಳುವವಳು ನನ್ನ ಅಣ್ಣನ ಮಗಳು ಪುಟ್ಟಿ. ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ನಾನೇ. ಯಾರನ್ನು ಬೈಯಲಿ?

ಅವಳು ಲ್ಯಾಪ್‌ಟಾಪ್ ಹಿಡಿದು ಹೊರಬಂದಳು. ಮುಖ ಸಪ್ಪಗಿತ್ತು.

"ಚಿಕ್ಕಪ್ಪ, ಇಡೀ ಲೀಗಲ್ಲಿ ಅತಿ ಕಡಿಮೆ ಚೆಂಡು ತಡೆದಿರೋದು ನೀವೇ."

ಮೈಯೆಲ್ಲ ಉರಿಯಿತು. "ನನ್ನ ತನಕ ಬಂದ್ರೆ ತಾನೇ ತಡೆಯೋದು? ಗಂಟಲು ಹರ್ಕೊಂಡು ಡಿಫೆಂಡರ್‌ಗಳನ್ನ ಅತ್ತ ಇತ್ತ ಓಡಿಸ್ತೀನಲ್ಲ, ಅದು ಲೆಕ್ಕಕ್ಕಿಲ್ವಾ?"

"ಕೂಗೋದನ್ನ ಹೇಗೆ ಎಣಿಸ್ಲಿ?"

"ಹೋದ ವರ್ಷ ಗಂಟಲು ಕಟ್ಟಿ ಮೂಕನ ಥರ ಆಡಿದ್ನಲ್ಲ, ಆ ಮ್ಯಾಚುಗಳನ್ನ ತೆಗೆದು ನೋಡು."

ಅಲ್ಲೇ ಬೆಂಚಿನ ಮೇಲೆ ಕೂತು ಹುಡುಕಿದಳು. ನಾನು ಕಿಟಕಿಗೂ ಬಾಗಿಲಿಗೂ ಅಲೆದೆ.

"ಒಂದು ಕಡೆ ನಿಂತ್ಕೊಳ್ಳಿ, ನಂಗೆ ತಲೆ ಸುತ್ತುತ್ತೆ," ಎಂದವಳು ಕಣ್ಣರಳಿಸಿದಳು. "ಗೋಲಿನ ಕಡೆ ಎರಡರಷ್ಟು ಚೆಂಡು ಬಂದಿದೆ. ನೀವು ಹೇಳಿದ್ದು ನಿಜ."

ಓಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು.

"ನಿಮ್ಮ ಕೂಗಿಗೆ ಬೆಲೆ ಕಟ್ಟೋಕಾಗಲ್ಲ," ಎಂದರು ಮ್ಯಾನೇಜರ್. ನಾನು ಉಬ್ಬಿಹೋದೆ. "ಆದ್ರೆ ಆಗ ಬಂದ ಚೆಂಡಲ್ಲಿ ನೀವು ಬಿಟ್ಟಿದ್ದೇ ಜಾಸ್ತಿ. ಗೋಲಲ್ಲಿ ಹುಡುಗ ನಿಲ್ಲಲಿ, ನೀವು ಗೆರೆಯಾಚೆ ನಿಂತು ಕೂಗಿ. ಅವನ ಸಂಬಳ ಕಡಿಮೆ, ಉಳಿದಿದ್ರಲ್ಲಿ ನಿಮ್ಮನ್ನ ಕೋಚಾಗಿ ಇಟ್ಕೋತೀವಿ."

ಪುಟ್ಟಿ ನೆಲ ನೋಡುತ್ತಿದ್ದಳು. ನನ್ನ ಬಾಯಿಂದಲೇ ನಾನು ಕೆಟ್ಟಿದ್ದೆ.

ಮೊದಲ ಮ್ಯಾಚಿನ ದಿನ ತುಟಿ ಬಿಚ್ಚಬಾರದೆಂದು ಹಟ ಹಿಡಿದು ನಿಂತೆ. ಚೆಂಡು ಬರಲಿ, ಹುಡುಗ ಪರದಾಡಲಿ, ಆಗ ಇವರಿಗೆ ಬುದ್ಧಿ ಬರುತ್ತದೆ. ಎಡಗಡೆಯ ಡಿಫೆಂಡರ್ ಜಾಗ ಬಿಟ್ಟು ಮುಂದೆ ಹೋದ. ಎದುರಾಳಿ ಆ ಸಂದಿಯನ್ನು ಕಂಡ.

"ಹಿಂದೆ ಬಾರೋ, ಎಡಕ್ಕೆ!"

ನನ್ನ ಬಾಯೇ ನನ್ನ ಮಾತು ಕೇಳಲಿಲ್ಲ. ಡಿಫೆಂಡರ್ ಓಡಿಬಂದು ಚೆಂಡನ್ನು ಹೊರಗೊದ್ದ. ಹುಡುಗ ನನ್ನತ್ತ ತಿರುಗಿ ಹೆಬ್ಬೆರಳೆತ್ತಿದ. ನಾನೂ ಎತ್ತಲು ಹೋದೆ. ಯಾವಾಗ ಹಾಕಿಕೊಂಡಿದ್ದೆನೋ, ಎರಡೂ ಕೈಗೆ ಗ್ಲೌಸು ಇತ್ತು.