ಹಸಿ ಬಣ್ಣ, ಮುಟ್ಟಬೇಡಿ

"ಫ್ರಿಜ್ಜಿನ ಬಾಗಿಲಿಗೆ ಹೂವು ಅಂಟಿಸ್ತಿದ್ದೋನು ಈಗ ವಿಮಾನಕ್ಕೆ ಅಂಗಿ ತೊಡಿಸ್ತಾನಂತೆ. ಮೇಲೆ ಹೋದ್ಮೇಲೆ ಗಾಳಿ ಬಿಚ್ಚುತ್ತೆ, ನೋಡ್ತಿರಿ. ಅಂಗಿ ಜೊತೆ ನಮ್ಮನೆ ಮಾನಾನೂ ಹೋಗುತ್ತೆ."

ಹ್ಯಾಂಗರಿನಲ್ಲಿದ್ದ ಮೆಕ್ಯಾನಿಕ್ಕುಗಳು, ಹಾರಲು ಕಲಿಯುವವರು, ಕಸ ಗುಡಿಸುತ್ತಿದ್ದ ಮುದುಕ, ಎಲ್ಲರೂ ನಕ್ಕರು. ಬೇರೆ ಯಾರಾದರೂ ಹೀಗಂದಿದ್ದರೆ ಗೋಂದು ಅವರ ನೀರಿಳಿಸುತ್ತಿದ್ದ. ಅಂದದ್ದು ಅಕ್ಕನ ಗಂಡ. ಆ ತರಬೇತಿ ಶಾಲೆಯ ವಿಮಾನಗಳಿಗೆಲ್ಲ ಬಣ್ಣ ಹೊಡೆಯುವವನು ಅವನೇ. ರಾತ್ರಿ ಮತ್ತೆ ಅವನ ಮನೆಯಲ್ಲೇ, ಅವನ ಜೊತೆಗೇ ಊಟದ ಮೇಜಿಗೆ ಕೂರಬೇಕು. ಗೋಂದು ಹಲ್ಲು ಕಚ್ಚಿಕೊಂಡ. ಗೋಂದು ಎಂಬುದು ಸ್ಟಿಕರ್ ಅಂಗಡಿ ಸೇರಿದಾಗ ಅಂಟಿದ ಅಡ್ಡಹೆಸರು, ಮತ್ತೆ ಬಿಡಲೇ ಇಲ್ಲ.

ಶಾಲೆಯ ಒಡತಿ ಮೊದಲೇ ಖಡಾಖಂಡಿತ ಹೇಳಿದ್ದಳು. ಬಣ್ಣದ ಬದಲು ಸ್ಟಿಕರ್ ಹಾಳೆ ಅಂಟಿಸಿದ ವಿಮಾನದ ಮೊದಲ ಹಾರಾಟದಲ್ಲಿ ಒಂದೇ ಒಂದು ಅಂಚು ಎದ್ದರೂ ಕಿತ್ತುಹಾಕಿ ಬಣ್ಣ ಹೊಡೆಸುತ್ತಾಳೆ. ನಿಂತರೆ ಉಳಿದ ವಿಮಾನಗಳೂ ಗೋಂದುವಿನವೇ. ಎದ್ದರೆ ಮತ್ತೆ ಫ್ರಿಜ್ಜು, ಮತ್ತೆ ಹೂವು.

ಕೋಪ ಬಂದರೆ ಅವನ ಕೈ ಇನ್ನಷ್ಟು ಮೆತ್ತಗಾಗುತ್ತಿತ್ತು. ಎರಡು ಸೀಟಿನ ಆ ಪುಟ್ಟ ವಿಮಾನದ ಜಿಡ್ಡು ಒರೆಸಿ, ಮಿಂಚುಳ್ಳಿಯ ಗರಿಗಳನ್ನು ಮುದ್ರಿಸಿದ ಹಾಳೆಯನ್ನು ಬಾಲದಿಂದ ಮೂತಿಯ ಕಡೆಗೆ ಹಾಸುತ್ತ ಬಂದ. ಮುಂದಿನ ಹಾಳೆ ಹಿಂದಿನದರ ಮೇಲೆ ಕೂರಬೇಕು, ಹೆಂಚಿನ ಹಾಗೆ. ಗಾಳಿಗೆ ಉಗುರು ಹಾಕಲು ಜಾಗ ಸಿಗಬಾರದು. ಬಿಸಿಗಾಳಿ ಬಿಟ್ಟು, ರಬ್ಬರ್ ಪಟ್ಟಿಯಿಂದ ಎಳೆದು, ತಗಡು ಜೋಡಿಸಿದ ಒಂದೊಂದು ರಿವೆಟ್ಟಿನ ತಲೆಯನ್ನೂ ಬ್ರಷ್ಷಿನಿಂದ ಒತ್ತಿ ಕೂರಿಸಿದ. ಮನೆಯಲ್ಲಿ ಭಾವ, ಭಾಮೈದ ಇಬ್ಬರದೂ ಮೌನವ್ರತ. ಉಪ್ಪು ಬೇಕಾದರೂ ಅಕ್ಕನ ಮೂಲಕವೇ. ಊಟದ ಮೇಜಿಗೆ ವಿಮಾನ ಇಳಿಸಿದರೆ ಇಬ್ಬರಿಗೂ ಉಪವಾಸ ಎಂದು ಅವಳು ಹೇಳಿಬಿಟ್ಟಿದ್ದಳು.

ಕೆಲಸ ಮುಗಿದ ಸಂಜೆ ಎಂದಿನಂತೆ ಭಾವನೇ ಹ್ಯಾಂಗರಿಗೆ ಬೀಗ ಹಾಕಿದ. ಬೆಳಿಗ್ಗೆ ಅವನೇ ತೆಗೆದ. ಒಳಗೆ ಹೊರಟವರೆಲ್ಲ ಬಾಗಿಲಲ್ಲೇ ನಿಂತುಬಿಟ್ಟರು. ಭಾವ ಬಣ್ಣ ಹೊಡೆದಾಗಲೆಲ್ಲ ತೂಗುಹಾಕುವ ಬೋರ್ಡು ಪ್ರೊಪೆಲ್ಲರಿಗೆ ದಾರದಲ್ಲಿ ನೇತಾಡುತ್ತಿತ್ತು: ಹಸಿ ಬಣ್ಣ, ಮುಟ್ಟಬೇಡಿ.

"ಏನಣ್ಣಾ," ಪೈಲಟ್ ನಗು ತಡೆದುಕೊಂಡು ಕೇಳಿದ, "ಸ್ಟಿಕರ್ ಒಣಗೋಕೆ ಎಷ್ಟು ಹೊತ್ತು ಬೇಕು?"

ಭಾವನ ಮುಖ ಕೆಂಪೇರಿತು. ಕೈಯ ಅಭ್ಯಾಸ ಹಾಳಾಗಲಿ! ಬೀಗ ಹಾಕುವ ಮುನ್ನ ಹೊಸ ಹೊಳಪು ಕಣ್ಣಿಗೆ ಬಿದ್ದದ್ದೇ ತಡ, ಕೈ ತಾನಾಗಿಯೇ ಬೋರ್ಡು ಎತ್ತಿಕೊಂಡಿತ್ತು. ಅದನ್ನು ಕಿತ್ತು ನೆಲಕ್ಕೆ ಎಸೆದ. "ಮೊದ್ಲು ಹಾರ್‍ಲಿ," ಎಂದು ಗೊಣಗಿದ.

ವಿಮಾನ ಹಾರಿತು. ವಾಲಿತು, ತಿರುಗಿತು, ಬಿಸಿಲಲ್ಲಿ ನಿಜವಾದ ಹಕ್ಕಿಯಂತೆ ಮಿಂಚಿತು. ಇಳಿದು ಬಂದು ನಿಂತದ್ದೇ ಭಾವ ಹೆಬ್ಬೆರಳಿನ ಉಗುರು ಚೂಪು ಮಾಡಿಕೊಂಡು ಸುತ್ತತೊಡಗಿದ. ರೆಕ್ಕೆಯ ಮುಂದಿನ ಅಂಚು, ಬಾಗಿಲ ಸಂದು, ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕೂಡ ನೋಡಿದ. ಉಗುರು ಸವೆಯಿತೇ ಹೊರತು ಒಂದು ಅಂಚೂ ಏಳಲಿಲ್ಲ. ಒಡತಿ ಗೋಂದುವಿಗೆ, ನಾಳೆಯೇ ಎರಡನೆಯದನ್ನು ಶುರು ಮಾಡು ಎಂದಳು.

ಭಾವ ಬೆನ್ನಿನ ಧೂಳು ಕೊಡವಿಕೊಂಡು ಎದ್ದ. ಮತ್ತೆ ಎಲ್ಲರ ಕಣ್ಣೂ ಅವರಿಬ್ಬರ ಮೇಲೆ.

"ಹೂಂ, ಹೇಳಪ್ಪ. ಇಷ್ಟು ದಿನ ಕೂಡಿಟ್ಟಿದ್ದೀಯಲ್ಲ, ಎಲ್ಲಾ ಅಂದುಬಿಡು," ಎಂದ ಭಾವ.

ಗೋಂದುವಿನ ಬಾಯಲ್ಲಿ ಒಂದು ಮೂಟೆ ಮಾತು ಇತ್ತು. ಬಗ್ಗಿದ. ನೆಲದ ಮೇಲೆ ಬಿದ್ದಿದ್ದ ಬೋರ್ಡು ಎತ್ತಿ, ಮಣ್ಣು ಒರೆಸಿ, ದಾರ ಸರಿಮಾಡಿ, ಮತ್ತೆ ಪ್ರೊಪೆಲ್ಲರಿಗೆ ನೇತುಹಾಕಿದ. ಆಮೇಲೆ ರಬ್ಬರ್ ಪಟ್ಟಿ ಜೇಬಿಗೆ ತುರುಕಿಕೊಂಡು ಬಾಗಿಲ ಕಡೆ ನಡೆದ.