ಸಾಬರ ಆರು ಮೊಟ್ಟೆ

ಕಾವಿಗೆ ಕೂತಿದ್ದ ಕೋಳಿ ಬುಟ್ಟಿಯಿಂದ ಇಳಿದು ತಿಪ್ಪೆಯಲ್ಲಿ ಹೊರಳಾಡುತ್ತಿದ್ದುದು ಇಂದ್ರಮ್ಮನ ಕಣ್ಣಿಗೆ ಬಿದ್ದಾಗ ಹೊತ್ತು ಮಾರುದ್ದ ಏರಿತ್ತು. ಹದಿನೇಳು ದಿನದಿಂದ ಅಲ್ಲಾಡದೆ ಕೂತಿದ್ದ ಕೋಳಿ ಅದು. ಹಿಡಿದು ನೋಡಿದರೆ ರೆಕ್ಕೆಯ ಸಂದಿಯಲ್ಲೆಲ್ಲ ಹೇನು. ಅವಳ ಮೊಳಕೈವರೆಗೂ ಹರಿದು ಬಂದವು. ತಂದು ಮೊಟ್ಟೆಗಳ ಮೇಲೆ ಕೂರಿಸಿದಳು, ಇಳಿಯಿತು. ಮತ್ತೆ ಕೂರಿಸಿದಳು. ಈ ಸಲ ಇಳಿದದ್ದು ಬೇಲಿ ದಾಟಿಯೇ ಹೋಯಿತು.

"ಅವತ್ತೇ ಬಡ್ಕಂಡೆ," ಎಂದಳು ಗಂಡನಿಗೆ. "ಬುಟ್ಟಿಗೆ ಒಲೆಬೂದಿ ಹಾಕು, ಲಕ್ಕಿಸೊಪ್ಪು ಹಾಸು ಅಂತ. ಕೈ ಸೋಕಿದ್ರೆ ಮೊಟ್ಟೆ ಕೆಡ್ತವೆ ಅಂದೆ ನೀನು. ಈಗ ನೋಡು, ಹೇನಿನ ಕಾಟಕ್ಕೆ ತಾಯೇ ಎದ್ದೋದ್ಲು."

ಚಿಕ್ಕರಂಗಯ್ಯ ಎತ್ತು ಕಟ್ಟಿ ನೀರೆತ್ತುವ ಕಪಿಲೆಯನ್ನು ಬಿಟ್ಟು ತೋಟದಿಂದ ಓಡಿ ಬಂದಿದ್ದ. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆರು ಮೊಟ್ಟೆಗಳನ್ನೂ ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದ. ಇನ್ನೂ ಬಿಸಿ ಇತ್ತು. ಚೈತ್ರದ ಸೆಕೆಯ ಬಿಸಿಯೋ, ಕೋಳಿ ಬಿಟ್ಟುಹೋದ ಬಿಸಿಯೋ ತಿಳಿಯಲಿಲ್ಲ.

ಊರ ಕೋಳಿಯ ಮೊಟ್ಟೆಗಳಾಗಿದ್ದರೆ ಇಂದ್ರಮ್ಮ ನಾಲ್ಕು ಬೈದು ನಾಯಿಗೆ ಹಾಕುತ್ತಿದ್ದಳು. ಇವು ಸಿರಾದ ಫಜಲುಲ್ಲಾ ಸಾಬರ ಮೊಟ್ಟೆಗಳು. ಸಾಬರು ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮನೆಯಲ್ಲಿ ಅವರ ತಾತನ ಕಾಲದಿಂದ ಇಳಿದು ಬಂದ ಕಾಳಗದ ಕೋಳಿಗಳ ಒಂದು ವಂಶವಿತ್ತು.

ಎರಡು ವರ್ಷದ ಹಿಂದೆ ಹುಣಸೆಹಣ್ಣಿನ ಗಾಡಿ ಹೊಡೆದುಕೊಂಡು ಸಿರಾಕ್ಕೆ ಹೋಗಿದ್ದಾಗ ಚಿಕ್ಕರಂಗಯ್ಯ ಆ ಮನೆಯ ಮುಂದೆ ಒಂದು ಹುಂಜವನ್ನು ಕಂಡಿದ್ದ. ಕೆಂಪು ಮೈ, ಗೇಣುದ್ದದ ಕತ್ತು, ಮಂಡಿ ಮೀರುವ ಎತ್ತರ. ಅವನನ್ನು ಹಿಡಿದು ನಿಲ್ಲಿಸಿದ್ದು ಎತ್ತರವಲ್ಲ. ಕೋಳಿಗಳು ಮನುಷ್ಯನನ್ನು ನೋಡುವುದಿಲ್ಲ, ಅವನ ಕೈ ನೋಡುತ್ತವೆ, ಕಾಳಿದೆಯೋ ಕೋಲಿದೆಯೋ ಎಂದು. ಈ ಹುಂಜ ಅವನ ಮುಖ ನೋಡಿತು. ಗಾಡಿ ಮೈಮೇಲೆ ಬಂದರೂ ಹಿಂದಕ್ಕೆ ಒಂದು ಹೆಜ್ಜೆ ಇಡಲಿಲ್ಲ. ಎತ್ತುಗಳೇ ಪಕ್ಕಕ್ಕೆ ಸರಿದವು. ಹೆಂಡತಿ ತರಹೇಳಿದ್ದ ಬಳೆಯನ್ನು ಮರೆತು ಅವನು ಊರಿಗೆ ಬಂದ. ಅಂಥದೊಂದು ತನ್ನ ಅಂಗಳದಲ್ಲಿ ನಿಲ್ಲಬೇಕು ಎನ್ನುವುದೊಂದೇ ಅವತ್ತಿನಿಂದ ಅವನಿಗೆ ಹಿಡಿದ ಹುಚ್ಚು.

ಸಾಬರು ಚನ್ನರಾಯನದುರ್ಗದ ಸುತ್ತಿನ ಹಳ್ಳಿಗಳಿಗೆ ಕಲಾಯಿಗೆ ಬಂದಾಗಲೆಲ್ಲ ಚಿಕ್ಕರಂಗಯ್ಯ ಕೂಲಿಯಿಲ್ಲದೆ ಅವರ ತಿದಿ ಒತ್ತುತ್ತ, ಒಂದು ಹುಂಜ ಕೊಡಿ ಎಂದು ಕೇಳುತ್ತಿದ್ದ. ಅವರದು ಒಂದೇ ಉತ್ತರ. "ಹುಂಜ ಎಲ್ರೂ ಕೇಳ್ತಾರೆ ರಂಗಯ್ಯ. ನಸಲ್ ಅಂದ್ರೆ ತಳಿ, ಅದಿರೋದು ಮುರ್ಗೀಲಿ, ಹೇಂಟೇಲಿ. ತಾಯಿ ಸಾಕೋದು ಗೊತ್ತಿಲ್ದೋನ ಮನೇಲಿ ಹುಂಜ ನಿಲ್ಲಲ್ಲ." ಮಾರುವ ಮಾತಂತೂ ಇರಲೇ ಇಲ್ಲ. ಆ ಮನೆಯ ಕೋಳಿ ಕೊಟ್ಟ ಮಾತಿನ ಮೇಲೆ ಹೋಗುತ್ತಿತ್ತು, ಮಾತಿನ ಮೇಲೆ ವಾಪಸು ಬರುತ್ತಿತ್ತು.

ಮಹಾರಾಜರ ಬೆಳ್ಳಿಹಬ್ಬ ಕಳೆದ ಮಾರನೆಯ ಬೇಸಿಗೆಯಲ್ಲಿ ಸಿರಾದ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಒಂದು ದಿನ ಸಾಬರು ತಿದಿಯಿಲ್ಲದೆ, ತವರದ ಗಂಟಿಲ್ಲದೆ, ರಾಗಿಹೊಟ್ಟು ತುಂಬಿದ ಒಂದು ಕುಡಿಕೆಯನ್ನು ಎದೆಗೆ ಅವುಚಿಕೊಂಡು ಬಂದರು. ಗಾಡಿ ಕುಲುಕುತ್ತದೆಂದು ಎರಡು ದಿನ ನಡೆದೇ ಬಂದಿದ್ದರು.

"ಮನೇಲಿ ಒಂದು ಮುದಿ ಹುಂಜ ಉಳಿದೈತೆ. ಮುರ್ಗಿ ಒಂದೂ ಇಲ್ಲ. ಕಡೇ ಮುರ್ಗಿ ರೋಗ ತಗಲೋಕೆ ಮುಂಚೆ ಇಟ್ಟಿದ್ದು ಇವು. ನಮ್ಮ ಅಂಗಳದಲ್ಲಿ ಮರಿ ಆದ್ರೆ ಉಳಿಯಲ್ಲ, ನಿಮ್ಮ ಬೆಟ್ಟದ ಗಾಳೀಲಿ ಆಗ್ಲಿ. ಆರರಲ್ಲಿ ಒಂದು ಹೆಣ್ಣಾದ್ರೆ ಸಾಕು," ಎಂದರು. ಕಾವಿಗೆ ಕೂತಿದ್ದ ಊರ ಕೋಳಿಯ ಕೆಳಗೆ ತಾವೇ ಮೊಟ್ಟೆಗಳನ್ನು ಇಟ್ಟರು. ಇಪ್ಪತ್ತೈದನೆಯ ದಿನ ಬರುತ್ತೇನೆ, ಬುಟ್ಟಿ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದರು. ಆ ಕಡೆಯ ಮಾತನ್ನು ಚಿಕ್ಕರಂಗಯ್ಯ ವೇದವಾಕ್ಯ ಮಾಡಿಕೊಂಡಿದ್ದ.

ಈಗ ಅವನು ಊರೆಲ್ಲ ಸುತ್ತಿದ. ಕಾವಿಗೆ ಕೂತ ಬೇರೆ ಕೋಳಿ ಎಲ್ಲಿಯೂ ಇರಲಿಲ್ಲ. ಬಂದು ಹೊಸಿಲ ಬಳಿ ನಿಂತ. "ಸಾಬ್ರು ವಂಶಾನೇ ತಂದು ಕೈಯಾಗಿಟ್ರು. ಅವ್ರ ಮುಖ ಹೆಂಗೆ ನೋಡ್ಲಿ?" ಎಂದ.

ಇಂದ್ರಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. ಹಿತ್ತಾಳೆಯ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದಳು. ಸಾಬರೇ ಕಲಾಯಿ ಹಾಕಿದ ಬೋಗುಣಿ, ತಳ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೊಟ್ಟೆಗಳನ್ನು ಮೆಲ್ಲಗೆ ತೇಲಿಬಿಟ್ಟಳು. ನೀರು ನಿಶ್ಚಲವಾಗುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ, ಗಾಳಿಯಿಲ್ಲ, ಕೈ ಸೋಕಿಲ್ಲ, ಒಂದು ಮೊಟ್ಟೆ ತಾನಾಗಿ ತಲೆದೂಗಿತು. ಇನ್ನೊಂದು ಸುತ್ತು ತಿರುಗಿತು. ಒಂದು ಮಾತ್ರ ಸುಮ್ಮನಿತ್ತು. ಮಿಕ್ಕ ಐದೂ ನೀರಿನ ಮೇಲೆ ಒಂದೊಂದು ಸಲ ಅಲ್ಲಾಡಿ ಸುತ್ತ ಸಣ್ಣ ಉಂಗುರ ಎಬ್ಬಿಸಿದವು. ಜೀವ ಎಂದರೆ ಇಷ್ಟು ಹತ್ತಿರದಲ್ಲಿ, ಒಂದು ಸುಣ್ಣದ ಗೋಡೆಯ ಆಚೆ ಇರುತ್ತದೆಂದು ಚಿಕ್ಕರಂಗಯ್ಯ ಯೋಚಿಸಿಯೇ ಇರಲಿಲ್ಲ.

"ಇನ್ನು ನಾಕು ದಿನ," ಎಂದಳು ಇಂದ್ರಮ್ಮ. "ಕಾವು ತಪ್ಪಬಾರ್ದು, ಅಷ್ಟೆ."

ಅವನು ಅಂಗಿ ಬಿಚ್ಚಿದ.

ಚಿಕ್ಕರಂಗಯ್ಯ ಸುಮ್ಮನೆ ಕೂತದ್ದನ್ನು ಊರು ನೋಡಿರಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಕಪಿಲೆ ಬಾವಿಯ ಇಳಿಜಾರಿನಲ್ಲಿ ಎತ್ತುಗಳ ಜೊತೆ ಇಳಿಯುವುದು, ತೊಗಲಿನ ಬಾನಿ ನೀರು ಸುರಿದ ಮೇಲೆ ಮತ್ತೆ ಹತ್ತುವುದು, ಇದೇ ಅವನ ಬದುಕು. ಉಣ್ಣುವಾಗಲೂ ಒಂದು ಕಾಲು ಹೊಸಿಲಾಚೆ ಇಟ್ಟಿರುತ್ತಾನೆ ಎಂದು ಅವನ ಅತ್ತೆ ಹೇಳುತ್ತಿದ್ದಳು. ಅಂಥವನು ನಡುಮನೆಯ ಗೋಡೆಗೆ ಒರಗಿ ಕಾಲು ಚಾಚಿದ. ಇಂದ್ರಮ್ಮ ಹಳೆಯ ಸೀರೆಯ ತುಂಡಿನಲ್ಲಿ ಐದು ಮೊಟ್ಟೆಗಳನ್ನು ಸುತ್ತಿ ಅವನ ಹೊಟ್ಟೆಗೆ ಕಟ್ಟಿ, ಮೇಲೆ ಕರಿಕಂಬಳಿ ಹೊದಿಸಿದಳು.

"ಈರುಳ್ಳಿಗೆ ನೀರು?" ಎಂದ.

"ನಾನು ಹೊಡಿತೀನಿ ಕಪಿಲೆ. ನೀನು ಹೆರು."

ತೋಟಕ್ಕೆ ಹೊರಡುವ ಮುಂಚೆ ಅಟ್ಟದಿಂದ ತುಕ್ಕು ಹಿಡಿದ ಒಂದು ಕುಡುಗೋಲು ತಂದು ಅವನ ಪಕ್ಕದಲ್ಲಿಟ್ಟಳು. ಗುಡುಗಿಗೆ ಮೊಟ್ಟೆಯೊಳಗಿನ ಜೀವ ಬೆಚ್ಚಿ ಸಾಯುತ್ತದೆಂದು ಕಾವಿನ ಬುಟ್ಟಿಗೆ ಕಬ್ಬಿಣ ಇಡುವುದು ವಾಡಿಕೆ. ಬಾಣಂತಿಯ ತಲೆದೆಸೆಗೂ ಅದನ್ನೇ ಇಡುತ್ತಾರೆ. ಆ ಕುಡುಗೋಲು ಇಂದ್ರಮ್ಮನ ಮೂರು ಹೆರಿಗೆ ಕಂಡದ್ದು. ಎರಡು ಹೆಣ್ಣುಮಕ್ಕಳು ಉಳಿದು, ಬೆಳೆದು, ಮದುವೆಯಾಗಿ ಹೋಗಿದ್ದರು.

ಸುದ್ದಿ ಹಬ್ಬಲು ಅರ್ಧ ದಿನವೂ ಬೇಕಾಗಲಿಲ್ಲ. ಹೆಂಗಸು ಕಪಿಲೆ ಹೊಡೆಯುವುದನ್ನೂ ಗಂಡಸು ಕಾವಿಗೆ ಕೂತದ್ದನ್ನೂ ನೋಡಲು ಜನ ಎರಡು ಕಡೆಗೂ ಓಡಾಡಿದರು. ಚಿಕ್ಕರಂಗಯ್ಯ ಮಾತ್ರ ಸೆಕೆಯಲ್ಲಿ ಬೆವರುತ್ತ, ಬೆನ್ನು ಹಿಡಿದುಕೊಂಡು, ನಿದ್ದೆ ಬಂದರೆ ಮಗ್ಗುಲಾಗಿಬಿಡುವೆನೆಂಬ ಹೆದರಿಕೆಯಲ್ಲಿ ಕೂತೇ ಇದ್ದ. ಬಯಲಿಗೆ ಹೋಗಬೇಕಾದಾಗ ಇಂದ್ರಮ್ಮ ಮೊಟ್ಟೆಗಳನ್ನು ಮಡಿಲಿಗೆ ತೆಗೆದುಕೊಳ್ಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ, ಹೊಕ್ಕುಳ ಬಳಿಯ ಮೊಟ್ಟೆಯೊಂದು ಒಳಗಿನಿಂದ ಅವನ ಚರ್ಮಕ್ಕೆ ಗುದ್ದಿತು. ಉಣಬಡಿಸಲು ತೋಟದಿಂದ ಬಂದಿದ್ದ ಹೆಂಡತಿಯ ಕೈಯನ್ನು ಅವನು ಹಿಡಿದುಕೊಂಡ.

"ನಿಂಗೂ ಇಂಗೇ ಇತ್ತಾ?"

"ಇದಕ್ಕಿಂತ ಜೋರಾಗಿ ಒದೀತಿದ್ವು," ಎಂದಳು ಇಂದ್ರಮ್ಮ. ಕೈ ಬಿಡಿಸಿಕೊಳ್ಳಲಿಲ್ಲ.

ಅವತ್ತು ಸಂಜೆ ಪಕ್ಕದ ಮನೆಯ ಮುದುಕ ದೊಡ್ಡರಂಗಪ್ಪ ಮೂರು ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಬಾಗಿಲಿಗೆ ಬಂದ. ಊರಿನಲ್ಲಿ ಅವನ ಬಾಯಿಗೆ ಸಿಕ್ಕದೆ ಉಳಿದವರಿಲ್ಲ. "ಏನ್ಲಾ ಚಿಕ್ಕ, ಬಯಕೆ ಏನಾದ್ರೂ ಐತೇನ್ಲಾ? ಮಾವಿನಕಾಯಿ ಕಿತ್ಕೊಡ್ಲಾ?"

"ಬಾ ಮಾವ, ಇಲ್ಲಿ ಕಿವಿ ಕೊಡು."

ದೊಡ್ಡರಂಗಪ್ಪ ನಗುತ್ತಲೇ ಮಂಡಿಯೂರಿ ಅವನ ಹೊಟ್ಟೆಗೆ ಕಿವಿಯಿಟ್ಟ. ಚಿಪ್ಪಿನೊಳಗಿಂದ, ಬಹು ದೂರದಿಂದೆಂಬಂತೆ, ಚಿಂವ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಎಂದಿತು. ಮುದುಕನ ನಗು ಹಾಗೇ ನಿಂತಿತು. ಅವನು ಬಹಳ ಹೊತ್ತು ಕಿವಿ ತೆಗೆಯಲಿಲ್ಲ.

"ಇನ್ನೂ ಬೆಳಕು ಕಂಡಿಲ್ಲ," ಎಂದು ಪಿಸುಗುಟ್ಟಿದ. "ಆಗ್ಲೇ ಕೂಗ್ತೈತಲ್ಲೋ." ಎದ್ದು ಹೊರಗೆ ಹೋಗಿ ಬಾಗಿಲಲ್ಲಿದ್ದವರಿಗೆ ಗಲಾಟೆ ಮಾಡಬೇಡಿ ಎಂದು ಗದರಿಸಿ, ತಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದ.

ನಾಲ್ಕನೆಯ ದಿನ ಮಧ್ಯಾಹ್ನ ಸಿದ್ದರಬೆಟ್ಟದ ಕಡೆಯಿಂದ ಮೋಡ ಕವಿಯಿತು. ಇಂದ್ರಮ್ಮ ಎತ್ತುಗಳನ್ನು ಬಿಚ್ಚಿ ಮನೆ ಸೇರುವುದಕ್ಕೂ ಮೊದಲ ಗುಡುಗು ಬೀಳುವುದಕ್ಕೂ ಸರಿಹೋಯಿತು. ಹಂಚುಗಳು ಗಡಗಡ ಎಂದವು. ಎರಡನೆಯದು ಊರ ಮೇಲೇ ಬಿದ್ದ ಹಾಗಿತ್ತು. ಅವಳು ಕುಡುಗೋಲನ್ನು ಎತ್ತಿ ಅವನ ತೊಡೆಯ ಮೇಲೇ ಇಟ್ಟಳು.

ಗುಡುಗು ದೂರ ಸರಿದಾಗ ಹೊಟ್ಟೆಯ ಮೇಲೆ ಯಾವ ಅಲುಗಾಟವೂ ಇರಲಿಲ್ಲ. ಬೆಳಗಿನಿಂದ ಚಿಂವ್ ಎನ್ನುತ್ತಿದ್ದದ್ದೂ ನಿಂತುಹೋಗಿತ್ತು. ಇಂದ್ರಮ್ಮ ಕಂಬಳಿ ಸರಿಸಿ ಕಿವಿಗೊಟ್ಟಳು.

"ಮೊದಲ್ನೇ ಕೂಸು ಹೊಟ್ಟೇಲಿ ಅಲ್ಲಾಡೋದು ನಿಲ್ಲಿಸ್ದಾಗ್ಲೂ ನಾನು ಇಂಗೇ ಕಾದಿದ್ದೆ," ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಇದೇ ಮೊದಲು. "ಇವತ್ತು ಅಲ್ಲಾಡ್ತದೆ, ನಾಳೆ ಅಲ್ಲಾಡ್ತದೆ ಅಂತ. ನೀನು ಕಪಿಲೇಲಿದ್ದೆ."

ಚಿಕ್ಕರಂಗಯ್ಯ ಅವತ್ತು ನಿಜವಾಗಿ ಕಪಿಲೆಯಲ್ಲಿದ್ದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಎತ್ತಿದರೆ ಎಲ್ಲಿ ಕಾವು ಹೋಗುತ್ತದೋ ಎಂದು ಹಾಗೇ ಬಿಟ್ಟ. ಮಳೆ ಸುರಿಯಿತು. ಅವಳು ಅವನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಳು.

ಟಕ್ ಎಂದಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ಟಕ್ ಎಂದಿತು. ಸೀರೆಯ ತುಂಡು ಬಿಡಿಸಿದರೆ ಒಂದು ಮೊಟ್ಟೆಯ ನೆತ್ತಿಯಲ್ಲಿ ಸಾಸಿವೆಕಾಳಿನಷ್ಟು ತೂತು, ಅದರೊಳಗೆ ಅಲುಗುವ ಕೊಕ್ಕಿನ ತುದಿ. ಕೈ ಹಚ್ಚಬೇಡ ಎಂದಳು ಇಂದ್ರಮ್ಮ, ಬರಬೇಕಾದ್ದು ತಾನೇ ಬರಬೇಕು. ಹೊತ್ತು ಮುಳುಗುವವರೆಗೆ ಅವರು ಅದನ್ನೇ ನೋಡಿದರು. ಅದು ಕುಟ್ಟುತ್ತಿತ್ತು, ಸುಸ್ತಾಗಿ ನಿಲ್ಲುತ್ತಿತ್ತು, ಒಂಚೂರು ತಿರುಗಿ ಮತ್ತೆ ಕುಟ್ಟುತ್ತಿತ್ತು. ಮುಚ್ಚಳದ ಹಾಗೆ ಚಿಪ್ಪು ಕಳಚಿಕೊಂಡಾಗ ಒದ್ದೆಮುದ್ದೆಯಾದ ಒಂದು ಜೀವ ಚಿಕ್ಕರಂಗಯ್ಯನ ಹೊಟ್ಟೆಯ ಮೇಲೆ ಹೊರಳಿತು. ತೆಳ್ಳಗಿನ ಎದೆಗೂಡಿನೊಳಗೆ ಅದರ ಗುಂಡಿಗೆ ಹೊಡೆದುಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಅದು ತಲೆ ಎತ್ತಲು ನೋಡಿತು, ಬಿತ್ತು, ಮತ್ತೆ ಎತ್ತಿತು. ಆಮೇಲೆ ಕಣ್ಣು ತೆರೆದು ಅವನ ಮುಖ ನೋಡಿತು.

ಎರಡು ಮರಿಯಾದವು. ಉಳಿದ ಮೂರು ಮಾತಾಡಲಿಲ್ಲ. ಅವನ್ನು ಇಂದ್ರಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂಳಿದಳು.

ಇಪ್ಪತ್ತೈದನೆಯ ದಿನ ಫಜಲುಲ್ಲಾ ಸಾಬರು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ತೋಟಕ್ಕೆ ಹೋದರು. ಇಳಿಜಾರಿನ ತಲೆಯಲ್ಲಿ ಎತ್ತುಗಳು ನಿಂತಿದ್ದವು. ಚಿಕ್ಕರಂಗಯ್ಯ ಹಗ್ಗ ಹಿಡಿದಿದ್ದ. ಹೊಂಗೆಮರದ ನೆರಳಿನಲ್ಲಿ ಬುಟ್ಟಿಯ ಕೆಳಗೆ ಎರಡು ಮರಿಗಳು ಕಿರುಚುತ್ತಿದ್ದವು. ಪಾತಿಯಲ್ಲಿ ನೀರು ತಿರುಗಿಸುತ್ತಿದ್ದ ಇಂದ್ರಮ್ಮ ಸೆರಗು ಸರಿಮಾಡಿಕೊಂಡಳು.

ಸಾಬರು ಕೇಳುವ ಮುಂಚೆಯೇ ಚಿಕ್ಕರಂಗಯ್ಯ ಎಲ್ಲವನ್ನೂ ಹೇಳಿಬಿಟ್ಟ. ಹೇನು, ಎದ್ದುಹೋದ ಕೋಳಿ, ಕಂಬಳಿ, ಹೋದ ನಾಲ್ಕು. "ನಂದೇ ತಪ್ಪು ಸಾಬ್ರೆ. ಬೂದಿ ಹಾಕ್ಲಿಲ್ಲ."

"ಮುಟ್ಬೇಡ ಅಂದ್ರೆ ಬೂದೀನೂ ಹಾಕ್ಬೇಡ ಅಂದ್ನೇನಯ್ಯ?" ಎಂದರು ಸಾಬರು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ.

ಅವರು ಕೂತು ಬುಟ್ಟಿ ಎತ್ತಿ ಒಂದು ಮರಿಯನ್ನು ಹಿಡಿದರು. ಕತ್ತಿನ ಚರ್ಮ ಹಿಡಿದು ಎತ್ತಿದರೆ ಅದು ಕಾಲು ಇಳಿಬಿಟ್ಟಿತು. "ಗಂಡು." ಇನ್ನೊಂದನ್ನು ಎತ್ತಿದರು. ಅದು ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡಿತು. ಸಾಬರು ಮತ್ತೊಮ್ಮೆ ಎತ್ತಿ ನೋಡಿದರು. ಅದು ಅವರ ತಾತ ಹೇಳಿಕೊಟ್ಟ ಪರೀಕ್ಷೆ, ತಪ್ಪಿದ್ದು ಕಡಿಮೆ. "ಹೆಣ್ಣು," ಎಂದು ಅದನ್ನು ಎರಡೂ ಅಂಗೈಯಲ್ಲಿ ಹಿಡಿದರು.

ಆ ಹೆಣ್ಣುಮರಿಯನ್ನು ನೆಲಕ್ಕೆ ಬಿಟ್ಟು, ಕಲಾಯಿಯ ಮಸಿ ಹಿಡಿದ ತೋರುಬೆರಳನ್ನು ಅದರ ಮುಖದ ಮುಂದೆ ನಿಲ್ಲಿಸಿದರು. ನಾಲ್ಕು ದಿನದ ಮರಿ ಕತ್ತು ನೆಟ್ಟಗೆ ಮಾಡಿತು. ಬೆರಳು ಎದೆಗೆ ತಗುಲಿ ನೂಕಿತು. ಅದು ಜಾರಿತು, ಕಾಲೂರಿತು, ಹೆಜ್ಜೆ ಹಿಂದಕ್ಕೆ ಇಡದೆ ಹಾರಿ ಬೆರಳನ್ನು ಕುಕ್ಕಿತು. ಚಿಕ್ಕರಂಗಯ್ಯನಿಗೆ ಸಿರಾದ ಬೀದಿಯಲ್ಲಿ ಗಾಡಿಗೆ ದಾರಿ ಬಿಡದೆ ನಿಂತ ಹುಂಜ ಕಣ್ಣಮುಂದೆ ಬಂತು. ಅಷ್ಟು ದೊಡ್ಡ ನಿಲುವು ಅಂಗೈಯಗಲದ ಈ ತುಪ್ಪಳದಲ್ಲಿ ಆಗಲೇ ಇತ್ತು. ಸಾಬರು ಮತ್ತೆ ನೂಕಿದರು. ಮತ್ತೆ ಕುಕ್ಕಿತು. ಮೂರನೆಯ ಸಲ ಬೆರಳು ಇನ್ನೂ ದೂರದಲ್ಲಿರುವಾಗಲೇ ಮರಿ ತಟ್ಟನೆ ಬೆನ್ನು ತಿರುಗಿಸಿ ಓಡಿತು.

"ಓಡೋಯ್ತು ಸಾಬ್ರೆ," ಎಂದ ಚಿಕ್ಕರಂಗಯ್ಯ ಮೆಲ್ಲಗೆ.

ಸಾಬರು ಮರಿ ಹೋದ ಕಡೆ ನೋಡಿದರು. ಅದು ಚಿಕ್ಕರಂಗಯ್ಯನ ಎರಡು ಪಾದಗಳ ನಡುವೆ ನುಗ್ಗಿ, ಅವನ ಹಿಮ್ಮಡಿಗೆ ಮೈ ಒತ್ತಿ, ಕಣ್ಣು ಮುಚ್ಚುತ್ತಿತ್ತು. ಇನ್ನೊಂದೂ ಹಿಂದೆಯೇ ಬಂದು ಸೇರಿಕೊಂಡಿತು.

"ಓಡಿಲ್ಲ ಕಣಯ್ಯ," ಎಂದರು ಸಾಬರು. "ತಾಯಿ ಹತ್ರ ಹೋಯ್ತು."

ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು. "ಬರೋ ತಿಂಗ್ಳು ಹುಂಜಾನ ಇಲ್ಲಿಗೇ ತಂದ್ಬುಡ್ತೀನಿ," ಎಂದರು. ಎರಡು ವರ್ಷ ತಿದಿ ಒತ್ತಿ ಕಾದಿದ್ದ ಮಾತು ಅದು. ಚಿಕ್ಕರಂಗಯ್ಯ ತಲೆ ಎತ್ತಲಿಲ್ಲ. ಅವನು ಉಸಿರನ್ನೂ ಸಣ್ಣಗೆ ಬಿಡುತ್ತ ತನ್ನ ಕಾಲುಗಳನ್ನೇ ನೋಡುತ್ತಿದ್ದ.

ಎತ್ತುಗಳು ಕತ್ತಿನ ಗಂಟೆ ಆಡಿಸಿದವು. ಕಾಲುವೆಯಲ್ಲಿ ನೀರು ಇಳಿಯುತ್ತಿತ್ತು. ಇಂದ್ರಮ್ಮ ಪಾತಿಯಿಂದ ಬಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡು, ಅವನಿದ್ದ ಜಾಗವನ್ನು ಬಳಸಿ, ಎತ್ತುಗಳನ್ನು ಇಳಿಜಾರಿಗೆ ಹೊಡೆದಳು.